ಚಿಟ್ಟೆ ಸ್ಟೂಲಿನ ಊರು

ನಾನು ಜಪಾನಿಗೆ ಹೋದದ್ದು ಒಂದು ಸ್ಟೂಲು ಹುಟ್ಟಿದ ಊರನ್ನು ನೋಡುವುದಕ್ಕೆ ಎಂದರೆ ಬಂಧುಬಳಗದವರು ಈಗಲೂ ನಂಬುವುದಿಲ್ಲ. ಫೂಜಿ ಪರ್ವತ ಹೇಗಿತ್ತು, ಕ್ಯೋಟೊದ ದೇಗುಲಗಳು ಹೇಗಿದ್ದವು ಅಂತಲೇ ಕೇಳುತ್ತಾರೆ. ಅವುಗಳ ಕಡೆ ನಾನು ಹೋಗಲೇ ಇಲ್ಲ. ಸೋರಿ ಯಾನಾಗಿ ಎಂಬ ಪೀಠೋಪಕರಣ ವಿನ್ಯಾಸಕಾರರ ಬದುಕು ಹಾದುಹೋದ ಊರುಗಳನ್ನಷ್ಟೇ ಹುಡುಕಿಕೊಂಡು ಅಲೆದೆ. ಬಂದು ತಿಂಗಳುಗಳೇ ಕಳೆದಿವೆ, ಆ ಪ್ರಯಾಣ ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಮಾಡಿದವರ ಹೆಸರು ಹೊತ್ತುಕೊಳ್ಳದ ವಸ್ತುಗಳಲ್ಲೇ ನಿಜವಾದ ಚೆಲುವಿದೆ ಎಂದು ನಂಬಿದ ಮನುಷ್ಯ ಅವರು. ಇಂದು ಟೋಕಿಯೊದ ಅಂಗಡಿಗಳಲ್ಲಿ ಚಮಚ, ಬೋಗುಣಿ, ಕೆಟಲ್‌ಗಳೆಲ್ಲ ಮಾರಾಟವಾಗುವುದು ಅವರ ಹೆಸರಿನ ಮೇಲೆಯೇ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ ಸಮಾಧಾನವಾಗುವುದಿಲ್ಲ.

ಆ ಸ್ಟೂಲಿನ ಚಿತ್ರವನ್ನು ಮೊದಲು ಕಂಡದ್ದು ಗೆಳೆಯನೊಬ್ಬನ ಮನೆಯಲ್ಲಿದ್ದ ವಾಸ್ತುಶಿಲ್ಪದ ಪುಸ್ತಕದಲ್ಲಿ. ಬಟರ್‌ಫ್ಲೈ ಸ್ಟೂಲ್ ಎಂದು ಅದರ ಹೆಸರು. ತದ್ರೂಪಿಯಾದ ಎರಡು ಪ್ಲೈವುಡ್ ತುಂಡುಗಳು, ಒಂದೊಂದೂ ನೆಲದಿಂದ ಎದ್ದು ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ರೆಕ್ಕೆಯಂತೆ ಚಾಚಿಕೊಂಡಿವೆ. ಎರಡನ್ನೂ ಬೆನ್ನಿಗೆ ಬೆನ್ನು ತಾಗಿಸಿದರೆ ಮೇಲಿನ ಅರ್ಧ ಕೂರುವ ಜಾಗ, ಕೆಳಗಿನ ಅರ್ಧ ಕಾಲು. ಸೀಟಿನಡಿಯಲ್ಲಿ ಎರಡು ತಿರುಪು, ಕಾಲುಗಳ ನಡುವೆ ಒಂದು ಹಿತ್ತಾಳೆಯ ಸರಳು. ಬೇರೇನೂ ಇಲ್ಲ. ಎತ್ತರ ಮೊಣಕಾಲಿಗಿಂತ ತುಸು ಕೆಳಗೆ, ಸುಮಾರು 40 ಸೆಂಟಿಮೀಟರ್. 1956ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ಮಿಲಾನ್‌ನ ತ್ರಿಎನಾಲೆ ವಿನ್ಯಾಸ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಿತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲೂ ಅದಕ್ಕೆ ಜಾಗವಿದೆ. ಆ ಪುಟವನ್ನು ನಾನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ನೆಲದ ಮೇಲೆ ಕೂತು ಉಂಡು, ನೆಲದ ಮೇಲೇ ಮಲಗುತ್ತಿದ್ದ ದೇಶದ ಒಬ್ಬಾತನಿಗೆ ಕೂರುವ ವಸ್ತುವೊಂದು ಈ ಆಕಾರದಲ್ಲಿ ಹೊಳೆದದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ಜೊತೆಗೇ ಇತ್ತು.

ಟೋಕಿಯೊದ ನಿಶಿ ಕಸಾಯಿಯಲ್ಲಿ ನನ್ನ ತಂಗಿಯ ಮಗನಿದ್ದಾನೆ. ಭಾರತೀಯರು ಬಹಳ ಮಂದಿ ನೆಲೆಸಿರುವ ಬಡಾವಣೆ ಅದು; ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಯಾರ ಮನೆಯದೋ ಸಾಸಿವೆ ಒಗ್ಗರಣೆ ಮೂಗಿಗೆ ಬಡಿಯುತ್ತದೆ. ಜಪಾನಿ ಭಾಷೆ ಅವನಿಗೆ ಸಲೀಸು. ಊರೂರು ಸುತ್ತುವ ಮಾವನ ಜೊತೆಗೆ ರಜೆ ಹಾಕಿ ಹೊರಟ. ಮೊದಲು ಹೋದದ್ದು ಕೊಮಾಬಾಕ್ಕೆ, ಜಪಾನಿನ ಜನಪದ ಕರಕುಶಲ ವಸ್ತುಗಳ ಸಂಗ್ರಹಾಲಯವಾದ ಮಿಂಗೇಕನ್‌ಗೆ.

ಮನೆಗಳ ನಡುವೆ ಒಂದು ದೊಡ್ಡ ಮನೆಯಂತೆಯೇ ನಿಂತಿರುವ ಕಟ್ಟಡ. ಜಾರುಬಾಗಿಲು ಸರಿಸಿ ಒಳಗೆ ಕಾಲಿಟ್ಟೆ. “ಮಾವ, ಶೂ ಇಲ್ಲೇ ಬಿಚ್ಚಿಡಿ, ಒಳಗೆ ಹಾಕಿಕೊಳ್ಳೋಕೆ ಚಪ್ಪಲಿ ಕೊಡ್ತಾರೆ” ಎಂದ ಅಳಿಯ. ಎದುರಿಗೇ ಎರಡು ಕವಲಾಗಿ ಮೇಲೇರುವ ಮರದ ಮೆಟ್ಟಿಲು. ಕೊರಿಯಾದ ಬಿಳಿ ಭರಣಿಗಳು, ನೀಲಿ ಬಣ್ಣದ ಹೊದಿಕೆಗಳು, ರೈತರ ಮನೆಯ ಬಟ್ಟಲುಗಳು. ಒಂದು ಭರಣಿಯ ಹೊಟ್ಟೆ ಒಂದು ಕಡೆಗೆ ತುಸು ವಾಲಿತ್ತು. ತಿರುಗುವ ಚಕ್ರದ ಮೇಲೆ ಕುಂಬಾರ ಅದನ್ನು ತಿದ್ದಲು ಹೋಗದೆ ಬಿಟ್ಟಿದ್ದ. ವಿವರಣೆಯ ಫಲಕಗಳೆಂದರೆ ಕಪ್ಪು ಹಲಗೆಯ ಮೇಲೆ ಕೈಯಲ್ಲಿ ಬರೆದ ಕೆಂಪು ಅಕ್ಷರಗಳು, ಅದೂ ನಾಲ್ಕೇ ಮಾತು. ಮೊದಲು ಕಣ್ಣು ನೋಡಲಿ, ತಿಳಿಯುವುದು ಆಮೇಲೆ ಎಂಬುದು ಇದನ್ನು ಕಟ್ಟಿದವರ ಪಟ್ಟು.

ಕಟ್ಟಿದವರು ಸೋರಿಯ ತಂದೆ ಸೋಯೆತ್ಸು ಯಾನಾಗಿ. ಶೋಜಿ ಹಮಾದಾ, ಕಂಜಿರೊ ಕವಾಯಿ ಎಂಬ ಕುಂಬಾರ ಗೆಳೆಯರೊಂದಿಗೆ 1920ರ ದಶಕದಲ್ಲಿ ಒಂದು ಚಳವಳಿಯನ್ನೇ ಹುಟ್ಟುಹಾಕಿ, 1936ರಲ್ಲಿ ಈ ಸಂಗ್ರಹಾಲಯ ತೆರೆದವರು. ಹೆಸರು ಗೊತ್ತಿಲ್ಲದ ಕುಂಬಾರ, ನೇಕಾರ, ಬಡಗಿ ದಿನಬಳಕೆಗೆಂದು ಮಾಡಿದ ವಸ್ತುವಿನಲ್ಲಿ ಸಹಿ ಹಾಕುವ ಕಲಾವಿದನಿಗೂ ಸಿಗದ ಸೌಂದರ್ಯವಿದೆ ಎಂದು ಸಾರಿದರು. ರಸ್ತೆಯಾಚೆಗೆ ಎದುರಲ್ಲೇ ಅವರ ಕುಟುಂಬ ವಾಸವಿದ್ದ ಮನೆಯಿದೆ. ತೋಚಿಗಿ ಸೀಮೆಯಿಂದ ಬಿಚ್ಚಿ ತಂದು ನಿಲ್ಲಿಸಿದ ಹೆಬ್ಬಾಗಿಲಿಗೆ ಕಲ್ಲಿನ ಹಂಚಿನ ಮಾಡು. ತಾಯಿ ಕಾನೆಕೊ ಪಾಶ್ಚಾತ್ಯ ಶೈಲಿಯ ಹೆಸರಾಂತ ಗಾಯಕಿ. ಇಂಥ ಮನೆಯಲ್ಲಿ, ಇಂಥ ಬಟ್ಟಲುಗಳ ನಡುವೆ ಬೆಳೆದ ಹುಡುಗನಿಗೆ ಅವು ಹಳೆಯವಾಗಿ ಕಂಡವು. 1915ರಲ್ಲಿ ಹುಟ್ಟಿದ ಸೋರಿ ಟೋಕಿಯೊದ ಕಲಾಶಾಲೆಗೆ ಸೇರಿ ಪಾಶ್ಚಾತ್ಯ ಚಿತ್ರಕಲೆ ಕಲಿತರು. ಮನಸ್ಸು ಓಡಿದ್ದು ಜರ್ಮನಿಯ ಬೌಹೌಸ್ ವಿನ್ಯಾಸಶಾಲೆಯ ಕಡೆಗೆ, ಆಧುನಿಕ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಕಡೆಗೆ. ಅಪ್ಪ ತಿಪ್ಪೆಯಿಂದಲೂ ಎತ್ತಿ ತಂದಾನು ಎನಿಸುವ ಹಳೆಯ ಭರಣಿಗಳ ಎದುರು ಕೂತು ಕಾಂಕ್ರೀಟು, ಗಾಜು, ಉಕ್ಕುಗಳ ಕನಸು ಕಾಣುವ ಮಗ. ಆ ಊಟದ ಮನೆಯಲ್ಲಿ ನಡೆದಿರಬಹುದಾದ ವಾದಗಳನ್ನು ನೆನೆಯುತ್ತಾ ಹೆಬ್ಬಾಗಿಲ ಮುಂದೆ ನಿಂತೆ.

ಮಗನನ್ನು ಹಳ್ಳಿಗಳತ್ತ ತಿರುಗಿಸಿದವರು ಹೊರಗಿನವರೊಬ್ಬರು, ಫ್ರಾನ್ಸಿನ ಶಾರ್ಲೊಟ್ ಪೆರಿಯಾಂ. ಲ ಕಾರ್ಬೂಸಿಯೇ ಜೊತೆ ಉಕ್ಕಿನ ಕೊಳವೆಯ ಕುರ್ಚಿಗಳನ್ನು ರೂಪಿಸಿದ್ದ ಆಕೆ 1940ರಲ್ಲಿ ಜಪಾನ್ ಸರ್ಕಾರದ ಆಹ್ವಾನದ ಮೇಲೆ ಸಲಹೆಗಾರ್ತಿಯಾಗಿ ಬಂದರು. ಸೋರಿ ಅವರ ಸಹಾಯಕರಾಗಿ ದೇಶ ಸುತ್ತಿದರು. ಆಕೆ ಕಾರ್ಖಾನೆಗಳನ್ನು ನೋಡಿದಷ್ಟೇ ಆಸೆಯಿಂದ ಬಿದಿರು ಹೆಣೆಯುವವರನ್ನು, ಹಿಮದ ಸೀಮೆಯಲ್ಲಿ ಹುಲ್ಲಿನಿಂದ ಮಳೆಗೊಪ್ಪೆ ನೇಯುವವರನ್ನು ನೋಡಿದರು. ತನ್ನ ಉಕ್ಕಿನ ಒರಗುಕುರ್ಚಿಯನ್ನೇ ಬಿದಿರಿನಲ್ಲಿ ಮಾಡಿಸಿ 1941ರ ಪ್ರದರ್ಶನದಲ್ಲಿಟ್ಟರು. ಅಪ್ಪ ಹೇಳಿದಾಗ ಕಿವಿಗೆ ಬೀಳದ ಮಾತು ಅಪ್ಪನ ಶತ್ರುಪಾಳಯದಿಂದ ಬಂದಾಗ ಸೋರಿಗೆ ಕೇಳಿಸಿತು ಅಂತ ನನಗನಿಸುತ್ತದೆ. ಆಮೇಲೆ ಯುದ್ಧ. ಫಿಲಿಪ್ಪೀನ್ಸ್‌ನಲ್ಲಿ ಸೈನಿಕರಾಗಿದ್ದು, ಬದುಕಿ ಬಂದರು. ಸುಟ್ಟು ಬೂದಿಯಾದ ಟೋಕಿಯೊದಲ್ಲಿ ಕೈಗೆ ಸಿಕ್ಕ ಕೆಲಸ ಹಿಡಿದು, 1952ರ ಹೊತ್ತಿಗೆ ತಮ್ಮದೇ ವಿನ್ಯಾಸ ಸಂಸ್ಥೆ ತೆರೆದರು.

ಚಿಟ್ಟೆ ಸ್ಟೂಲು ತಯಾರಾದ ತೆಂದೊ ಇರುವುದು ಯಾಮಾಗಾತಾ ಸೀಮೆಯಲ್ಲಿ. ಅಲ್ಲಿಗೆ ಹೋಗುವ ಶಿಂಕಾನ್ಸೆನ್ ಬುಲೆಟ್ ರೈಲು ಫುಕುಶಿಮಾ ದಾಟಿದ ಮೇಲೆ ಹಳೆಯ ಹಳಿಗೆ ಇಳಿದು ಸಾಮಾನ್ಯ ರೈಲಿನಂತೆ ಘಟ್ಟ ಹತ್ತುತ್ತದೆ. ಕಿಟಕಿಗೆ ಕೊಂಬೆಗಳು ತಾಗುವಷ್ಟು ಹತ್ತಿರ ಕಾಡು. ಅಕ್ಟೋಬರಿನ ಆರಂಭ, ಎಲೆಗಳ ಅಂಚು ಕೆಂಪಾಗತೊಡಗಿತ್ತು. ಘಟ್ಟ ಇಳಿದರೆ ಸುತ್ತ ಬೆಟ್ಟ, ನಡುವೆ ಬಯಲು. ಕೊಯ್ಲಾದ ಗದ್ದೆಗಳಲ್ಲಿ ಕಂಬಗಳಿಗೆ ಪೇರಿಸಿದ ಭತ್ತದ ಸಿವುಡುಗಳು, ಅವುಗಳ ಪಕ್ಕದಲ್ಲಿ ಕಬ್ಬಿಣದ ಚೌಕಟ್ಟು ಹೊತ್ತ ಚೆರಿ ತೋಟಗಳು. ಹಣ್ಣಿನ ಕಾಲ ಮುಗಿದು ಚೌಕಟ್ಟುಗಳು ಬರಿದಾಗಿದ್ದವು.

ತೆಂದೊ ಮರದ ಊರು. ಜಪಾನಿನ ಚದುರಂಗವಾದ ಶೋಗಿಯ ಕಾಯಿಗಳಲ್ಲಿ ಬಹುಪಾಲು ಇಲ್ಲಿಯೇ ತಯಾರಾಗುತ್ತವೆ. ಎದೋ ಕಾಲದ ಕೊನೆಗೆ ಇಲ್ಲಿನ ಬಡ ಸಂಸ್ಥಾನದ ಸಮುರಾಯಿಗಳು ಹೊಟ್ಟೆಪಾಡಿಗೆ ಹಿಡಿದ ಉಪಕಸುಬು ಅದು. ಅಂಗಡಿಯೊಂದರಲ್ಲಿ ನಡುವಯಸ್ಸಿನ ಕುಶಲಕರ್ಮಿಯೊಬ್ಬರು ಬೆರಳುದ್ದವೂ ಇಲ್ಲದ ಐದು ಮೂಲೆಯ ಮರದ ತುಂಡಿನ ಮೇಲೆ ಅರಗಿನ ಮಸಿಯಲ್ಲಿ ಅಕ್ಷರ ಬರೆಯುತ್ತಿದ್ದರು. ಕುಂಚ ಮೇಲೆದ್ದಾಗ ಮಾತ್ರ ಉಸಿರು ಬಿಡುತ್ತಿದ್ದರು. ಬರೆದದ್ದನ್ನು ಒಣಗಲು ಇಡುವಾಗ ಕಾಯಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಮಸಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡುತ್ತಿದ್ದರು. ಆ ಕಾಯಿಗೆ ಅವರು ಸಹಿ ಹಾಕುವುದಿಲ್ಲ.

ಇದೇ ಊರಿನ ಬಡಗಿಗಳು, ಬಾಗಿಲು ಕಿಟಕಿ ಮಾಡುವವರು 1940ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಇಂದಿನ ತೆಂದೊ ಮೊಕ್ಕೊ ಕಂಪನಿಯ ಬೇರು ಅದು. ಯುದ್ಧಕಾಲದಲ್ಲಿ ಅವರು ಮದ್ದುಗುಂಡಿನ ಪೆಟ್ಟಿಗೆಗಳನ್ನೂ, ವೈರಿಯ ಕಣ್ಣಿಗೆ ಮಣ್ಣೆರಚಲು ಮರದ ಹುಸಿ ವಿಮಾನಗಳನ್ನೂ ಮಾಡಿದರು. ಯುದ್ಧ ಮುಗಿದ ಮೇಲೆ ತಗ್ಗಾದ ಊಟದ ಮೇಜುಗಳಿಂದ ಬದುಕು ಶುರುಮಾಡಿದರು. 1947ರಲ್ಲಿ ಆ ಕಾಲಕ್ಕೆ ದೊಡ್ಡ ಧೈರ್ಯದ ಒಂದು ಕೆಲಸ ಮಾಡಿದರು: ಹೈ ಫ್ರೀಕ್ವೆನ್ಸಿ ವಿದ್ಯುತ್ತಿನಿಂದ ಅಂಟನ್ನು ಬೇಗ ಗಟ್ಟಿಮಾಡುವ ಯಂತ್ರ ತರಿಸಿದರು. ಮರವನ್ನು ಹಾಳೆಯಾಗಿ ಸೀಳಿ, ಅಚ್ಚಿನಲ್ಲಿ ಒತ್ತಿ, ಬೇಕಾದ ಬಾಗು ಕೊಡುವ ವಿದ್ಯೆ. ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಗಾಯಾಳುಗಳ ಮುರಿದ ಕಾಲಿಗೆ ಕಟ್ಟುವ ದಬ್ಬೆಗಳನ್ನು ಇದೇ ರೀತಿಯಲ್ಲಿ ಮಾಡಿದ್ದರು.

ಕಂಪನಿಯ ಕಾರ್ಖಾನೆಯಲ್ಲಿ ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಿದೆ. ಒಂದು ಮಿಲಿಮೀಟರ್ ಆಸುಪಾಸಿನ ಮರದ ಹಾಳೆ ಎರಡು ಉರುಳೆಗಳ ನಡುವೆ ಹಾದು ಅಂಟು ಬಳಿದುಕೊಂಡು ಹೊರಬರುತ್ತದೆ. ಕೆಲಸಗಾರ್ತಿಯೊಬ್ಬಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾಳೆ. ನಾರು ಯಾವ ಕಡೆ ಓಡಿದೆ ಎಂದು ಅಂಗೈಯಿಂದ ಸವರಿ ನೋಡಿಯೇ ಮುಂದಿನ ಹಾಳೆ ಎತ್ತುತ್ತಾಳೆ. ಪದರಗಳ ಕಟ್ಟನ್ನು ಗಂಡು ಅಚ್ಚು, ಹೆಣ್ಣು ಅಚ್ಚುಗಳ ನಡುವೆ ಇಟ್ಟು ಪ್ರೆಸ್ ಇಳಿಸುತ್ತಾರೆ. ಅಂಟು ಬೆಂದ ಬಿಸಿ ವಾಸನೆ ಬರುತ್ತದೆ. ಪ್ರೆಸ್ ಮೇಲೆದ್ದಾಗ ಹಾಳೆಗಳ ಕಟ್ಟು ಹೋಗಿ ಒಂದೇ ಮೈಯ ಬಾಗಿದ ಹಲಗೆ ಅಲ್ಲಿರುತ್ತದೆ. ಬಿಗಿಯಾದ ತಿರುವಿನಲ್ಲಿ ಹಾಳೆ ಸೀಳಿಬಿಡುವ ಅಪಾಯ ಇದ್ದೇ ಇದೆ. ಆರುವಾಗ ಹಲಗೆ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದನ್ನೂ ಅಚ್ಚು ಕೊರೆಯುವವನು ಮೊದಲೇ ಲೆಕ್ಕ ಹಿಡಿದಿರಬೇಕು. ಕಡೆಗೆ ಅಂಚು ಕತ್ತರಿಸಿ, ಸ್ಯಾಂಡ್ ಪೇಪರಿನಿಂದ ಉಜ್ಜುವ ಕೆಲಸ. ಅದು ಕೈಯಲ್ಲೇ ಆಗಬೇಕು.

ಸೋರಿ ಯಾನಾಗಿ ಕಾಗದದ ಮೇಲೆ ಗೆರೆ ಎಳೆದು ಶುರುಮಾಡುವವರಲ್ಲ. ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿಮಾಡಿ ಕೈಯಲ್ಲಿ ಹೇಗೆಂದರೆ ಹಾಗೆ ಬಾಗಿಸುತ್ತಿದ್ದಾಗ ಈ ಆಕಾರ ಮೂಡಿತು. ಅದು ಏನಾಗಬಹುದು ಎಂದು ಆಮೇಲೆ ಯೋಚಿಸಿದರು. ಸ್ಟೂಲಾಗಬಹುದು ಎಂದು ಹೊಳೆದ ಮೇಲೆ ಮರದಲ್ಲಿ ಮಾಡುವವರು ಬೇಕಲ್ಲ? ಸೆಂದಾಯಿಯ ಸರ್ಕಾರಿ ಕೈಗಾರಿಕಾ ಕಲಾ ಸಂಸ್ಥೆಯಲ್ಲಿ ಬಾಗಿದ ಪ್ಲೈವುಡ್ಡನ್ನೇ ಅರೆದು ಕುಡಿದಿದ್ದ ಸಾಬುರೊ ಇನುಯಿ ಎಂಬ ತಂತ್ರಜ್ಞ ಸಿಕ್ಕರು. ಇನುಯಿ ಮೂಲಕ ತೆಂದೊ ಸಿಕ್ಕಿತು. ಆ ಕಾಲದಲ್ಲಿ ಟೋಕಿಯೊದ ಹೆಸರಾಂತ ವಿನ್ಯಾಸಕಾರರು ಅನೇಕರು ಈ ಪುಟ್ಟ ಊರಿಗೆ ನಡೆದುಬಂದರು. ಇಸಾಮು ಕೆನ್‌ಮೋಚಿ 1961ರಲ್ಲಿ ಸುಗಿ ಮರದ ದಿಮ್ಮಿಗಳಿಂದ ರೂಪಿಸಿದ ಭಾರೀ ಕುರ್ಚಿ ತಯಾರಾದದ್ದೂ ಇಲ್ಲಿಯೇ. ಇದೇ ಸೀಮೆಯಲ್ಲಿ ಹುಟ್ಟಿದ ಕಾಶಿವಾದೊ ಎಂಬ ಸುಮೊ ಮಲ್ಲನ ಹೆಸರು ಅದಕ್ಕಿದೆ.

ಪ್ರದರ್ಶನ ಕೋಣೆಯಲ್ಲಿ ಚಿಟ್ಟೆ ಸ್ಟೂಲಿನ ಮೇಲೆ ಕೂತೆ. ಎಷ್ಟು ತಗ್ಗು ಎನಿಸಿತು ಮೊದಲು, ಆಮೇಲೆ ಅದರ ಕಾಲುಗಳತ್ತ ಕಣ್ಣು ಹೋಯಿತು. ಹುಲ್ಲಿನ ಚಾಪೆಯಾದ ತತಾಮಿಯ ಮೇಲೆ ನಾಲ್ಕು ಚೂಪು ಕಾಲಿನ ಕುರ್ಚಿ ಇಟ್ಟರೆ ಚಾಪೆಗೆ ಕುಳಿ ಬೀಳುತ್ತದೆ. ಇದರ ಕಾಲು ಚೂಪಲ್ಲ, ಅಗಲವಾದ ಹಲಗೆ, ಭಾರ ಹರಡುತ್ತದೆ. ಅದೇ ಕೋಣೆಯಲ್ಲಿ ದೈಸಾಕು ಚೋ ರೂಪಿಸಿದ ತಗ್ಗು ಕುರ್ಚಿ, ಕೆಂಜಿ ಫುಜಿಮೊರಿ ರೂಪಿಸಿದ, ಕಾಲೇ ಇಲ್ಲದೆ ನೆಲಕ್ಕೆ ಕೂತು ಬೆನ್ನಿಗೆ ಆಸರೆ ಕೊಡುವ ಆಸನ. ಎಲ್ಲವೂ 1960ರ ಆಸುಪಾಸಿನವು. ಆಧುನಿಕರಾಗಬೇಕೆಂದು ಹೊರಟ ಇವರು ನೆಲವನ್ನು ಮರೆಯಲಿಲ್ಲ. ನನ್ನ ಅಜ್ಜಿಯ ಮನೆಯಲ್ಲಿ ಹಲಸಿನ ಮರದ ಮಣೆಗಳಿದ್ದವು, ಊಟಕ್ಕೆ ಎಳೆದುಕೊಂಡು ಕೂರುವುದು, ಎದ್ದಮೇಲೆ ಗೋಡೆಗೆ ಒರಗಿಸುವುದು. ಆಮೇಲೆ ಒಂದು ದಿನ ಡೈನಿಂಗ್ ಟೇಬಲ್ ಬಂತು, ಮಣೆಗಳು ಅಟ್ಟ ಸೇರಿದವು. ಮಣೆಗೂ ಕುರ್ಚಿಗೂ ನಡುವೆ ಇನ್ನೇನಾದರೂ ಇರಬಹುದು ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ, ನಮ್ಮ ಪೇಟೆಯಲ್ಲೂ ಅಂಥದ್ದನ್ನು ಯಾರೂ ಮಾರಲಿಲ್ಲ. ತೆಂದೊದ ಆ ಕೋಣೆಯಲ್ಲಿ ಆ ನಡುವಿನ ಜಾಗದ ತುಂಬ ಮರವಿತ್ತು, ಯೋಚನೆಯಿತ್ತು. ನನಗೆ ಹೊಟ್ಟೆಕಿಚ್ಚೇ ಆಯಿತು.

ಅಳಿಯನ ಸಹೋದ್ಯೋಗಿಯೊಬ್ಬ ಯಾಮಾಗಾತಾದವನು. ಅವನ ಮನೆಯವರು ಭಾನುವಾರ ನದೀತೀರದ ಊಟಕ್ಕೆ ಕರೆದರು. ಶರತ್ಕಾಲದಲ್ಲಿ ಇಲ್ಲಿನವರು ನೆರೆಹೊರೆ, ನೆಂಟರು ಸೇರಿ ಹೊಳೆಯ ದಂಡೆಯಲ್ಲಿ ಕಲ್ಲಿನ ಒಲೆ ಹೂಡಿ ಇಮೋನಿ ಬೇಯಿಸುತ್ತಾರೆ. ಕೆಸುವಿನ ಗೆಡ್ಡೆ, ದನದ ಮಾಂಸ, ದಪ್ಪ ಈರುಳ್ಳಿ ದಂಟು, ಸೋಯಾ ಸಾರು. ನನಗಾಗಿ ಮಾಂಸ ಹಾಕದ ಒಂದು ಪುಟ್ಟ ಪಾತ್ರೆಯನ್ನು ಬೇರೆಯೇ ಇಟ್ಟಿದ್ದರು, ಅಣಬೆ ಹೆಚ್ಚಾಗಿ ಹಾಕಿ. ಗೆಡ್ಡೆ ನಾಲಿಗೆಯ ಮೇಲೆ ಕರಗುತ್ತಿತ್ತು. ದಂಡೆಯುದ್ದಕ್ಕೂ ಹೊಗೆ, ಮಕ್ಕಳ ಕೂಗಾಟ, ನೀಲಿ ಟಾರ್ಪಾಲಿನ ಮೇಲೆ ಕಾಲು ಚಾಚಿದ ಮುದುಕರು.

ಆ ಮುದುಕರಲ್ಲೊಬ್ಬರು ಸಹೋದ್ಯೋಗಿಯ ತಂದೆ, ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಿಟ್ಟೆ ಸ್ಟೂಲಿನ ಮಾತು ತೆಗೆದೆ. ನೀವು ಅಂಥವನ್ನು ಎಷ್ಟು ಮಾಡಿರಬಹುದು ಎಂದು ಕೇಳಿಸಿದೆ. ಅವರು ಬಟ್ಟಲು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿ ಏನೋ ಹೇಳಿದರು. ಅಳಿಯ ತಿರುಗಿ, “ಮಾವ, ತಾವು ಸ್ಟೂಲು ಮಾಡಿಲ್ಲ ಅಂತಾರೆ. ಅಂಚು ಮಾಡಿದ್ದಂತೆ” ಎಂದ. ಮುದುಕರು ಬಟ್ಟಲಿನ ಬಾಯಿಯ ಸುತ್ತ ಹೆಬ್ಬೆರಳು ಓಡಿಸಿ ತೋರಿಸಿದರು. ಅಂಚು ತೀರಾ ದುಂಡಾದರೆ ಸ್ಟೂಲು ದಪ್ಪವಾಗಿ ಕಾಣುತ್ತದೆ, ಚೂಪಾದರೆ ಕೂತವರ ತೊಡೆಗೆ ಗೊತ್ತಾಗುತ್ತದೆ. ನಡುವೆ ಒಂದು ಹದವಿದೆ, ಅದು ಕಣ್ಣಿಗೆ ಸಿಕ್ಕುವುದಿಲ್ಲ, ಹೆಬ್ಬೆರಳಿಗೆ ಮಾತ್ರ ಸಿಕ್ಕುತ್ತದೆ. ಅವರ ಹೆಬ್ಬೆರಳಿನ ಒಳಮೈ ನುಣುಪಾಗಿ, ಗೆರೆಗಳೆಲ್ಲ ಅಳಿಸಿಹೋದಂತಿತ್ತು. ನಿಮ್ಮ ಮನೆಯಲ್ಲಿ ಆ ಸ್ಟೂಲಿದೆಯೇ ಎಂದರೆ ತಲೆ ಅಲ್ಲಾಡಿಸಿದರು. ಅವರ ಮನೆಯಲ್ಲಿ ಇವತ್ತಿಗೂ ತತಾಮಿಯ ಮೇಲೇ ಕೂರುತ್ತಾರಂತೆ, ಮೊಣಕಾಲು ಒಪ್ಪಿದಷ್ಟು ದಿನ.

ನನ್ನನ್ನು ಕಾಡುತ್ತಿರುವುದು ಆ ಉತ್ತರ. ಅಪ್ಪ ಸೋಯೆತ್ಸು ಹುಡುಕಿಕೊಂಡು ಅಲೆದ ಹೆಸರಿಲ್ಲದ ಕುಶಲಕರ್ಮಿ ಹಳೆಯ ಹಳ್ಳಿಗಳಲ್ಲೇ ಉಳಿದುಬಿಟ್ಟಿರಲಿಲ್ಲ, ಮಗನ ಕಾರ್ಖಾನೆಯಲ್ಲಿ ಪ್ರೆಸ್ಸಿನ ಪಕ್ಕದಲ್ಲಿ ನಿಂತಿದ್ದ. ಸೋರಿಗೆ ಇದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಯಂತ್ರದ ಕಾಲದಲ್ಲೂ ಜನರ ಬಳಕೆಯಲ್ಲಿ ತಾನಾಗಿ ತಿದ್ದಿಕೊಂಡ ವಸ್ತುಗಳೇ ಶ್ರೇಷ್ಠ ಎಂದು ಮತ್ತೆ ಮತ್ತೆ ಬರೆದವರು ಅವರು. 1977ರಲ್ಲಿ ಕೊಮಾಬಾದ ಅದೇ ಸಂಗ್ರಹಾಲಯದ ನಿರ್ದೇಶಕರೂ ಆದರು. ಅಪ್ಪನಿಗೆ ಮುನಿದು ಹೊರನಡೆದ ಮಗ ಅರವತ್ತು ದಾಟಿದ ಮೇಲೆ ಅಪ್ಪನ ಭರಣಿಗಳ ಕೀಲಿಕೈ ಹಿಡಿದರು, ತಮ್ಮ ಪ್ರೆಸ್ಸನ್ನೂ ಬಿಡಲಿಲ್ಲ. ಆದರೂ ನನ್ನ ದೂರು ಒಂದಿದೆ. ಆ ಸ್ಟೂಲಿನ ಮೇಲೆ ಒಂದು ಹೆಸರು ಇರಲೇಬೇಕೆಂದಾದರೆ ಮೂರು ಇರಲಿ: ಯಾನಾಗಿ, ಇನುಯಿ, ತೆಂದೊ. ಪ್ರಪಂಚದ ಪುಸ್ತಕಗಳಲ್ಲಿ ಮೊದಲನೆಯದೇ ಎದ್ದು ಕಾಣುತ್ತದೆ.

ಕೊನೆಗೆ ಕಾನಾಜಾವಾ. ಮಳೆ ಬಿಡದೆ ಸುರಿಯುತ್ತಿತ್ತು. ಇಲ್ಲಿನ ಕಲಾ ವಿದ್ಯಾಲಯದಲ್ಲಿ ಯಾನಾಗಿ ಸುಮಾರು ಐವತ್ತು ವರ್ಷ ಪಾಠ ಹೇಳಿದರು. 2011ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕೆಲಸಗಳನ್ನೆಲ್ಲ ಇಟ್ಟು 2014ರಲ್ಲಿ ಸ್ಮಾರಕ ಸಂಶೋಧನಾಲಯ ತೆರೆದಿದ್ದಾರೆ. ಒಲಿಂಪಿಕ್ ಪಂಜು, ಹೆದ್ದಾರಿಯ ಪಕ್ಕದ ಶಬ್ದತಡೆ ಗೋಡೆ, ನೀರು ಕಾಯಿಸುವ ಕೆಟಲ್, ಎಲ್ಲವನ್ನೂ ಒಬ್ಬನೇ ಮನುಷ್ಯ ಒಂದೇ ಶ್ರದ್ಧೆಯಿಂದ ರೂಪಿಸಿದ್ದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸಾಮಾನ್ಯ ಸಂಗ್ರಹ ಅಲ್ಲ ಇದು: ಇಲ್ಲಿ ಕುರ್ಚಿಗಳ ಮೇಲೆ ಕೂರಬಹುದು, ವಸ್ತುಗಳನ್ನು ಮುಟ್ಟಬಹುದು. ಯಾನಾಗಿ ತಮ್ಮ ಕೆಲಸದ ಕೋಣೆಗೆಂದೇ 1954ರಲ್ಲಿ ಮಾಡಿಕೊಂಡ ಮೂರು ಕಾಲಿನ ಎಲಿಫೆಂಟ್ ಸ್ಟೂಲಿನ ಮೇಲೆ ಕೂತು ನಾನು ಮಳೆ ನೋಡಿದೆ. ಒಂದರ ಮೇಲೊಂದು ಪೇರಿಸಿಡಬಹುದಾದ, ದಪ್ಪ ಪಾದದ, ಗಟ್ಟಿಮುಟ್ಟಾದ ಫೈಬರ್‌ಗ್ಲಾಸ್ ವಸ್ತು.

ಅಲ್ಲಿಗೆ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಚಿಟ್ಟೆ ಸ್ಟೂಲನ್ನು ತಲೆಕೆಳಗು ಮಾಡಿ ತಿರುಪುಗಳನ್ನು ನೋಡುತ್ತಿದ್ದಳು. ನಾನು ಅಂಚಿನ ಕಥೆ ಹೇಳಿಸಿದೆ. ಅವಳು ಹೆಬ್ಬೆರಳು ಓಡಿಸಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಓಡಿಸಿದಳು. ಕಾಲು ಮಡಚಿ ಕೂರುವವರಿಗೆಂದು ತಗ್ಗು ಕುರ್ಚಿಯೊಂದನ್ನು ಅವಳು ತರಗತಿಗಾಗಿ ಮಾಡುತ್ತಿದ್ದಳಂತೆ, ರಟ್ಟಿನಲ್ಲಿ, ಪೂರ್ಣ ಅಳತೆಗೆ. ಭಾರತದಲ್ಲಿ ಹೇಗೆ ಕೂರುತ್ತಾರೆ, ಒಮ್ಮೆ ತೋರಿಸಬಹುದೇ ಎಂದು ಅಳಿಯನ ಮೂಲಕ ಕೇಳಿದಳು. ನಾನು ಅಲ್ಲೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಚೀಲದಿಂದ ಟೇಪು ತೆಗೆದು ಮೊಣಕಾಲಿನಿಂದ ಮೊಣಕಾಲಿಗೆ ಅಳೆದಳು, ಸೊಂಟದಿಂದ ನೆಲಕ್ಕೆ ಅಳೆದಳು, ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಅಳಿಯನ ಜೊತೆ ಒಂದೇ ಸಮನೆ ಮಾತಾಡತೊಡಗಿದಳು. ಅವಳ ಕುರ್ಚಿಯ ಅಗಲ ಸಾಲದಂತೆ. ಅಂದು ಸಂಜೆಯೇ ರಟ್ಟು ಬಿಚ್ಚಿ ಮತ್ತೆ ಕತ್ತರಿಸುತ್ತಾಳಂತೆ.